ಶ್ರೀಲಂಕಾಕ್ಕೆ ಹೋದರೆ ಆಯಿಗೆ ಊಟ ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಅಡಿಕೆ ಕೃಷಿಕರ ಕುಟುಂಬ. ಮಕ್ಕಳ ಬೇಸಿಗೆ ರಜೆಯಲ್ಲಿ ಅಪ್ಪ, ಆಯಿ, ನಾನು, ಹೆಂಡತಿ ಮತ್ತು ಇಬ್ಬರು ಮಕ್ಕಳು ಸೇರಿ ಆರು ಮಂದಿ ಮೊದಲ ಬಾರಿಗೆ ವಿದೇಶಕ್ಕೆ, ಅಂದರೆ ಶ್ರೀಲಂಕಾಕ್ಕೆ, ಹೋಗಬೇಕೆಂದಿದ್ದೇವೆ. ಅಪ್ಪನಿಗೆ 70 ದಾಟಿದೆ, ಆಯಿಗೆ ಮಂಡಿನೋವು. ಇಬ್ಬರೂ ಮೀನು, ಮಾಂಸ, ಮೊಟ್ಟೆ ಮುಟ್ಟುವವರಲ್ಲ. ಅಲ್ಲಿ ಅವರಿಗೆ ಊಟ ಸಿಗುತ್ತದೆಯೇ? ಒಂದು ವಾರದಲ್ಲಿ ಏನೇನು ನೋಡಬಹುದು?

ಉತ್ತರ: ಊಟ ಸಿಗುತ್ತದೆ, ಅದೂ ನಿಮ್ಮ ಆಯಿ ಕಂಡರಿಯದ ಊಟವಲ್ಲ. ವಿದೇಶವೆಂದ ಕೂಡಲೇ ನಮ್ಮ ಕಡೆಯ ಹಿರಿಯರು ಬ್ರೆಡ್ಡು, ಬಾಳೆಹಣ್ಣಿನ ಮೇಲೆ ದಿನ ಕಳೆಯಬೇಕಾದೀತೆಂದು ಅಂಜುತ್ತಾರೆ. ಮನೆಯವರು ಆ ಅಂಜಿಕೆಗೆ ಪರಿಹಾರವೆಂದು ಅರ್ಧ ಅಡುಗೆಮನೆಯನ್ನೇ ಪೆಟ್ಟಿಗೆಗೆ ತುಂಬುತ್ತಾರೆ. ಶ್ರೀಲಂಕಾದ ಮಟ್ಟಿಗೆ ಈ ಅಂಜಿಕೆಗೆ ಆಧಾರವಿಲ್ಲ. ಅಲ್ಲಿ ನಿಜವಾಗಿ ಎಚ್ಚರ ವಹಿಸಬೇಕಾದದ್ದು ಕಣ್ಣಿಗೆ ಕಾಣದೆ ಪಲ್ಯ, ಚಟ್ನಿಗಳೊಳಗೆ ಸೇರಿಕೊಂಡಿರುವ ಒಂದೇ ಒಂದು ಪದಾರ್ಥದ ಬಗ್ಗೆ. ಅದರ ಹೆಸರು ಉಂಬಲಕಡ.

ಉಂಬಲಕಡವೆಂದರೆ ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಮೀನು. ಅದನ್ನು ಕುಟ್ಟಿ ಚೂರು ಮಾಡಿ, ನಾವು ಇಂಗು ಹಾಕಿದಷ್ಟು ಸಹಜವಾಗಿ, ರುಚಿಗಾಗಿ ಅಡುಗೆಗೆ ಸೇರಿಸುತ್ತಾರೆ. ಹಸಿ ತೆಂಗಿನತುರಿ, ಮೆಣಸು, ಈರುಳ್ಳಿ, ನಿಂಬೆರಸ ಸೇರಿಸಿ ಅರೆಯುವ ಪೊಲ್ ಸಂಬೋಲ ನೋಡುವುದಕ್ಕೆ ಅಪ್ಪಟ ಕೆಂಪು ಕಾಯಿಚಟ್ನಿಯೇ. ಆದರೆ ಅನೇಕ ಕಡೆ ಅದರಲ್ಲಿ ಉಂಬಲಕಡ ಇರುತ್ತದೆ. ಈರುಳ್ಳಿ, ಮೆಣಸು ಜಜ್ಜಿ ಮಾಡುವ ಲುಣು ಮಿರಿಸ್, ಅರಿಸಿನ ಹಾಕಿದ ಕಾಯಿಹಾಲಿನ ಸಾರಾದ ಕಿರಿ ಹೊದಿ, ಸೊಪ್ಪನ್ನು ಸಣ್ಣಗೆ ಹೆಚ್ಚಿ ಕಾಯಿತುರಿಯೊಡನೆ ಬಾಡಿಸುವ ಮಲ್ಲುಂಗ್, ಇವುಗಳಲ್ಲಿಯೂ ಇರಬಹುದು. ‘ವೆಜಿಟೇರಿಯನ್’ ಎಂದು ಹೇಳಿದರೆ ಬಡಿಸುವವರು ಮಾಂಸದ ಮತ್ತು ಮೀನಿನ ಪಲ್ಯಗಳನ್ನು ತೆಗೆದಿಡುತ್ತಾರೆ, ಆದರೆ ಚಟ್ನಿಯೊಳಗಿನ ಚೂರು ಅವರ ಲೆಕ್ಕಕ್ಕೇ ಬಾರದಿರಬಹುದು. ಇದರಲ್ಲಿ ಅವರ ಮೋಸವೇನೂ ಇಲ್ಲ, ಅದು ಅವರ ಅಡುಗೆಯ ರೂಢಿ. ಆದ್ದರಿಂದ ‘ಉಂಬಲಕಡ ದಾನ್ನ ಎಪಾ’ ಎಂಬ ಸಿಂಹಳ ವಾಕ್ಯವನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಿಕೊಳ್ಳಿ. ‘ಉಂಬಲಕಡ ಹಾಕಬೇಡಿ’ ಎಂದು ಅದರ ಅರ್ಥ. ಜೊತೆಗೆ ಮಾಳು ಎಂದರೆ ಮೀನು, ಮಸ್ ಎಂದರೆ ಮಾಂಸ, ಬಿತ್ತರ ಎಂದರೆ ಮೊಟ್ಟೆ ಎಂಬಷ್ಟು ತಿಳಿದಿದ್ದರೆ ಅರ್ಧ ಕೆಲಸ ಆದಂತೆ.

ಈ ಒಂದು ಎಚ್ಚರಿಕೆಯನ್ನು ಪಾಲಿಸಿದ ಮೇಲೆ ಉಳಿಯುವುದೆಲ್ಲ ನಮ್ಮ ಹಿತ್ತಿಲಿನದೇ ಸಾಮಗ್ರಿ. ಅಲ್ಲಿ ಗೊಟುಕೊಲ ಎಂದು ಕರೆಯುವ ಸೊಪ್ಪು ನಿಮ್ಮ ಆಯಿ ತಂಬುಳಿಗೆ ಕೊಯ್ಯುವ ಒಂದೆಲಗವೇ ಆಗಿದೆ. ಕಿತುಲ್ ಎಂಬ ಮರ ನಮ್ಮ ಕಾಡಿನ ಬೈನೆ. ಅದರ ರಸವನ್ನು ಕಾಯಿಸಿ ಮಾಡುವ ಪಾಕ ನಮ್ಮ ಜೋನಿಬೆಲ್ಲದಂತೆ ಹರಿಯುತ್ತದೆ, ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಎಮ್ಮೆಮೊಸರಿನ ಮೇಲೆ ಅದನ್ನು ಹೊಯ್ದು ಕೊಡುತ್ತಾರೆ. ಗೊರಕ ಎಂಬ ಹುಳಿ ನಮ್ಮ ಉಪ್ಪಾಗೆ, ಅಂದರೆ ಮುರುಗಲಿನ ದಾಯಾದಿ. ಎಳೆ ಹಲಸಿನ ಕಾಯಿಯನ್ನು ಮಸಾಲೆ, ಕಾಯಿಹಾಲು ಹಾಕಿ ಬಹಳ ಹೊತ್ತು ಬೇಯಿಸುವ ಪೊಲೊಸ್ ಪಲ್ಯವನ್ನು ತಪ್ಪಿಸಬೇಡಿ. ಹಲಸಿನ ಮರವನ್ನು ಅಲ್ಲಿ ‘ಅನ್ನದ ಮರ’ವೆಂದೇ ಕರೆಯುತ್ತಾರೆಂದರೆ ನಮ್ಮವರಿಗೆ ಬೇರೆ ವಿವರಣೆ ಬೇಕಿಲ್ಲ. ಬೆಳಗಿನ ತಿಂಡಿಗೆ ಸಿಗುವ ಇಂದಿಆಪ್ಪ ನಮ್ಮ ಒತ್ತುಶಾವಿಗೆ. ಕಿರಿಬತ್ ಎಂಬುದು ಕಾಯಿಹಾಲಿನಲ್ಲಿ ಬೇಯಿಸಿ ವಜ್ರಾಕಾರಕ್ಕೆ ಕತ್ತರಿಸಿದ ಅನ್ನ, ಅದನ್ನು ಬೆಲ್ಲದೊಡನೆ ತಿನ್ನಬಹುದು. ನಮ್ಮ ಕೆಂದಾಳಿ ತೆಂಗನ್ನು ಹೋಲುವ ಕಿತ್ತಳೆ ಬಣ್ಣದ ಎಳನೀರಿಗೆ ತಂಬಿಲಿ ಎನ್ನುತ್ತಾರೆ. ಹೆಸರು ಕೇಳಿ ಆಯಿ ಮಜ್ಜಿಗೆ ತಂಬುಳಿಯೆಂದು ತಿಳಿಯದಿರಲಿ, ಆದರೆ ಬಿಸಿಲಿನಲ್ಲಿ ಅದೂ ಇದೂ ಮಾಡುವ ಉಪಕಾರ ಒಂದೇ.

ಮೊಟ್ಟೆಯ ವಿಷಯದಲ್ಲಿ ಎರಡು ಮಾತು. ತೆಂಗಿನಹಾಲು, ಬೆಲ್ಲದ ವಟ್ಟಲಪ್ಪಂ ಎಂಬ ಸಿಹಿಯಲ್ಲಿ ಮೊಟ್ಟೆ ಇರುತ್ತದೆ. ಬಾಣಲೆಯಲ್ಲಿ ಹುಯ್ಯುವ ಆಪ್ಪದಲ್ಲಿ ಸಾದಾ ಮತ್ತು ಮೊಟ್ಟೆಯದು ಎಂದು ಎರಡು ಬಗೆಯಿದ್ದು, ಒಂದೇ ಬಾಣಲೆಯಲ್ಲಿ ಎರಡನ್ನೂ ಹುಯ್ಯುವುದುಂಟು. ಹಿಟ್ಟನ್ನು ಹುಳಿ ಬರಿಸಲು ಹಳೆಯ ಕ್ರಮದಲ್ಲಿ ಹೆಂಡ ಬಳಸುತ್ತಿದ್ದರು, ಈಗ ಯೀಸ್ಟ್ ಹೆಚ್ಚು. ಮಡಿಯ ದೃಷ್ಟಿಯಿಂದ ಇವು ಬೇಡವೆನಿಸುವವರಿಗೆ ತಮಿಳರ ‘ಸೈವ’ ಹೋಟೆಲುಗಳಿವೆ. ಶೈವ ಎಂಬ ಮಾತೇ ಅಲ್ಲಿ ಸಸ್ಯಾಹಾರಕ್ಕೆ ಹೆಸರಾಗಿದೆ. ಕೊಲಂಬೊ, ಕ್ಯಾಂಡಿ, ಟ್ರಿಂಕೋಮಲಿಗಳಲ್ಲಿ ಇಂಥ ಹೋಟೆಲುಗಳಲ್ಲಿ ಇಡ್ಲಿ, ದೋಸೆ, ಅನ್ನ, ಸಾಂಬಾರು ನಿಶ್ಚಿಂತೆಯಿಂದ ಉಣ್ಣಬಹುದು. ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟವರಾದರೆ ಮಾತ್ರ ತುಸು ಕಷ್ಟ. ಉಳಿದುಕೊಳ್ಳುವ ಮನೆಯವರಿಗೆ ಹಿಂದಿನ ದಿನವೇ ತಿಳಿಸಿದರೆ ಬೇರೆಯಾಗಿ ಮಾಡಿಕೊಡುತ್ತಾರೆ. ದೊಡ್ಡ ಹೋಟೆಲಿಗಿಂತ ಮನೆಮಂದಿಯೇ ನಡೆಸುವ ವಸತಿಗೃಹವನ್ನು ಆರಿಸಿಕೊಳ್ಳಿರೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಅಡುಗೆ ಮಾಡುವವರೊಡನೆ ನೇರವಾಗಿ ಮಾತನಾಡಲು ಅಲ್ಲಿ ಸಾಧ್ಯ. ಕಾರವಾರ, ಅಂಕೋಲೆಯ ಕಡೆಯ ಮೀನುಣ್ಣುವ ಕುಟುಂಬಗಳಿಗೆ ಈ ಯಾವ ತೊಡಕೂ ಇಲ್ಲ. ಗೊರಕದ ಹುಳಿಯಲ್ಲಿ ನೀರಾರುವಂತೆ ಬೇಯಿಸಿದ ಅಂಬುಲ್ ತಿಯಲ್ ಎಂಬ ಮೀನಡುಗೆಯನ್ನು ಅವರು ಕೇಳಿ ಮಾಡಿಸಿಕೊಳ್ಳಲಿ.

ಇನ್ನು ಕಾಲದ ವಿಚಾರ. ಆ ಪುಟ್ಟ ದ್ವೀಪಕ್ಕೆ ಎರಡು ಮಳೆಗಾಲಗಳಿವೆ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತ ಪಶ್ಚಿಮ, ದಕ್ಷಿಣ ಕರಾವಳಿಗೂ ಗುಡ್ಡಗಾಡಿಗೂ ಮಳೆ ತರುತ್ತದೆ. ಆಗ ಪೂರ್ವ ಕರಾವಳಿ ಒಣಗಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತ ಪೂರ್ವಕ್ಕೂ ಉತ್ತರಕ್ಕೂ ಮಳೆ ಸುರಿಸುತ್ತದೆ. ಅಡಿಕೆ ಕೊಯ್ಲು, ಸುಲಿಯುವ ಕೆಲಸ ಮುಗಿದು ನಿಮಗೆ ಬಿಡುವಾಗುವುದೂ ಮಕ್ಕಳಿಗೆ ರಜೆ ಬರುವುದೂ ಏಪ್ರಿಲಿನಲ್ಲಿ ಕೂಡಿಬರುವುದರಿಂದ, ನಿಮ್ಮ ದಾರಿ ಪೂರ್ವದ ಕಡೆಗಿರಬೇಕು. ಆದರೆ ಏಪ್ರಿಲ್ 13, 14ರ ಆಸುಪಾಸು ಹೋಗಬೇಡಿ. ಅದು ಸಿಂಹಳೀಯರ ಮತ್ತು ತಮಿಳರ ಹೊಸ ವರ್ಷ, ನಮ್ಮ ಸೌರಮಾನ ಯುಗಾದಿಯ ಹೊತ್ತಿನದೇ ಹಬ್ಬ. ಹೋಟೆಲು, ಅಂಗಡಿಗಳು ಮುಚ್ಚಿರುತ್ತವೆ, ಊರಿಗೆ ಹೋಗುವವರಿಂದ ಬಸ್ಸು, ರೈಲುಗಳು ತುಂಬಿರುತ್ತವೆ. 20ರ ನಂತರ ಹೊರಟು ಮೇ ಮೊದಲ ವಾರದೊಳಗೆ ಮರಳಿದರೆ ಒಳ್ಳೆಯದು. ಪ್ರತಿ ಹುಣ್ಣಿಮೆಯೂ ಅಲ್ಲಿ ಸಾರ್ವಜನಿಕ ರಜೆಯೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನೋಡುವ ಸ್ಥಳಗಳ ಬಗ್ಗೆ ನನ್ನ ಸಲಹೆ ಪ್ರವಾಸ ಕಂಪನಿಗಳ ಪಟ್ಟಿಗಿಂತ ಬಹಳ ಚಿಕ್ಕದು: ಬಂದಿಳಿದ ಮೊದಲ ರಾತ್ರಿಯನ್ನು ಬಿಟ್ಟರೆ ಇಡೀ ವಾರಕ್ಕೆ ಮೂರೇ ತಂಗುದಾಣ. ಮಂಡಿನೋವಿರುವವರನ್ನು ದಿನಕ್ಕೊಂದು ಊರಿನಂತೆ ಎಬ್ಬಿಸಿ ಹೊರಡಿಸಿದರೆ ಮೂರನೆಯ ದಿನ ಅವರು ವ್ಯಾನಿನಿಂದ ಇಳಿಯಲಾರದವರಾಗುತ್ತಾರೆ. ಬೆಂಗಳೂರಿನಿಂದ ಕೊಲಂಬೊಕ್ಕೆ ನೇರ ವಿಮಾನದಲ್ಲಿ ಒಂದೂವರೆ ತಾಸಿನ ಪ್ರಯಾಣ. ವಿಮಾನ ನಿಲ್ದಾಣವಿರುವುದು ಕೊಲಂಬೊ ನಗರದಲ್ಲಲ್ಲ, ಅದರ ಉತ್ತರಕ್ಕಿರುವ ಕಟುನಾಯಕೆಯಲ್ಲಿ. ಆದ್ದರಿಂದ ಮೊದಲ ರಾತ್ರಿಯನ್ನು ಸಮೀಪದ ನೆಗೊಂಬೊದಲ್ಲಿ ಕಳೆದು, ಮರುದಿನ ಚಾಲಕನಿರುವ ವ್ಯಾನಿನಲ್ಲಿ ಸುಮಾರು ನಾಲ್ಕು ತಾಸು ಒಳನಾಡಿಗೆ ಸಾಗಿ ಸಿಗಿರಿಯಾ, ದಂಬುಲ್ಲಾದ ಬಳಿ ಎರಡು ರಾತ್ರಿ ಉಳಿಯಿರಿ.

5ನೆಯ ಶತಮಾನದಲ್ಲಿ ಕಶ್ಯಪ ರಾಜನು ಅರಮನೆ ಕಟ್ಟಿಸಿದ ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲುಗಳಿವೆ. ಹಿರಿಯರನ್ನು ಹತ್ತಿಸುವ ಹಟ ಬೇಡ. ಬಂಡೆಯ ಬುಡದಲ್ಲಿರುವ ಉದ್ಯಾನ, ಕೊಳ, ಕಾಲುವೆಗಳೇ ನೋಡತಕ್ಕವು. ಅವರು ಅಲ್ಲಿ ನೆರಳಿನಲ್ಲಿ ಕುಳಿತಿರಲಿ, ನೀವು ಮಕ್ಕಳೊಡನೆ ಬಾಗಿಲು ತೆರೆಯುವ ಹೊತ್ತಿಗೇ ಹತ್ತಿ ಬಿಸಿಲೇರುವ ಮೊದಲು ಇಳಿದುಬಿಡಿ. ಟಿಕೆಟ್ ಕೊಳ್ಳುವಾಗ ಎಲ್ಲರ ಪಾಸ್‌ಪೋರ್ಟ್ ತೋರಿಸಿ. ಭಾರತ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ ಸದಸ್ಯ ರಾಷ್ಟ್ರವಾದ್ದರಿಂದ ಇತರ ವಿದೇಶಿಯರಿಗಿಂತ ಕಡಿಮೆ ದರವಿದೆ. ದಂಬುಲ್ಲಾದ ಗುಹಾಲಯಗಳಿಗೂ ಮೆಟ್ಟಿಲು ಹತ್ತಬೇಕು, ಆದರೆ ಸಿಗಿರಿಯಾದಷ್ಟಲ್ಲ. ಬುದ್ಧಾಲಯಗಳಲ್ಲಿ ಭುಜ, ಮಂಡಿ ಮುಚ್ಚುವ ಉಡುಪು ಕಡ್ಡಾಯ. ಬುದ್ಧನ ಮೂರ್ತಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುವುದನ್ನು ಅವರು ಅಪಚಾರವೆಂದು ಭಾವಿಸುತ್ತಾರೆ, ಇದನ್ನು ಮಕ್ಕಳಿಗೆ ಮೊದಲೇ ಹೇಳಿರಿ. ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆಯಬೇಕಾಗುವುದರಿಂದ ದಪ್ಪ ಕಾಲುಚೀಲ ಇರಲಿ.

ಅಲ್ಲಿಂದ ಎರಡೂವರೆ ತಾಸಿನ ದಾರಿಯಲ್ಲಿ ಪೂರ್ವ ಕರಾವಳಿಯ ಟ್ರಿಂಕೋಮಲಿ. ನಮ್ಮ ಜಿಲ್ಲೆಯವರು ಶ್ರೀಲಂಕಾಕ್ಕೆ ಹೋಗಿ ಈ ಊರನ್ನು ನೋಡದೆ ಬಂದರೆ ನನಗೆ ಮನಸ್ಸಿಗೆ ನೋವಾಗುತ್ತದೆ. ಕಾರಣ ಅದರ ಹಳೆಯ ಹೆಸರು. ಶ್ರೀಲಂಕಾದ ಇತಿಹಾಸ ಹೇಳುವ ಪಾಳಿ ಭಾಷೆಯ ಹಳೆಯ ಗ್ರಂಥ ಮಹಾವಂಸದಲ್ಲಿ ಬರುವ ಗೋಕಣ್ಣ ಎಂಬ ಬಂದರು ಈ ಟ್ರಿಂಕೋಮಲಿಯೇ ಎಂದು ಗುರುತಿಸಲಾಗಿದೆ, ಗೋಕಣ್ಣವೆಂದರೆ ಗೋಕರ್ಣ. ಸಮುದ್ರಕ್ಕೆ ಚಾಚಿದ ಕಡಿದಾದ ಬಂಡೆಯ ನೆತ್ತಿಯಲ್ಲಿ ಕೋಣೇಶ್ವರನ ಗುಡಿಯಿದೆ. 7ನೆಯ ಶತಮಾನದ ತಮಿಳು ಶಿವಭಕ್ತ ಸಂಬಂಧರ್ ಈ ದೇವರನ್ನು ಹಾಡಿದ್ದಾರೆ. 17ನೆಯ ಶತಮಾನದ ಮೊದಲ ಭಾಗದಲ್ಲಿ ಪೋರ್ಚುಗೀಸರು ಹಳೆಯ ದೇವಾಲಯವನ್ನು ಕೆಡವಿ, ಅದರ ಕಲ್ಲುಗಳನ್ನು ಕೋಟೆಗೆ ಬಳಸಿಕೊಂಡರು. ಇಂದು ಗುಡಿಗೆ ಹೋಗುವ ದಾರಿ ಆ ಕೋಟೆಯ ಒಳಗಿನಿಂದಲೇ ಸಾಗುತ್ತದೆ, ಅಲ್ಲಿ ಜಿಂಕೆಗಳು ನಿರ್ಭಯವಾಗಿ ಅಡ್ಡಾಡುತ್ತಿರುತ್ತವೆ. ಈಗಿನ ಗುಡಿ 20ನೆಯ ಶತಮಾನದ್ದು.

ಗೋಕರ್ಣದಲ್ಲಿ ನಾವು ಕೇಳುತ್ತ ಬೆಳೆದ ಕಥೆಯಲ್ಲಿ ರಾವಣನು ತಾಯಿಯ ಪೂಜೆಗಾಗಿ ಆತ್ಮಲಿಂಗವನ್ನು ತರಲು ಹೊರಡುತ್ತಾನಷ್ಟೆ. ಕೋಣೇಶ್ವರದಲ್ಲಿಯೂ ಅವನದು ತಾಯಿಯ ಕಥೆಯೇ. ಕಾಯಿಲೆಯ ತಾಯಿಗೆ ದೇವರ ದರ್ಶನ ಮಾಡಿಸಲೆಂದು ಗುಡಿಯಿರುವ ಬಂಡೆಯನ್ನೇ ಕಿತ್ತೊಯ್ಯಲು ಅವನು ಹವಣಿಸಿದನಂತೆ. ಬಂಡೆಯಲ್ಲಿರುವ ದೊಡ್ಡ ಸೀಳನ್ನು ಇಂದಿಗೂ ರಾವಣನ ಕತ್ತಿಯೇಟು ಎಂದು ತೋರಿಸುತ್ತಾರೆ. ಊರಿನ ಹೊರಗೆ ಕನ್ನಿಯಾ ಎಂಬಲ್ಲಿ ಒಂದೊಂದೂ ಬೇರೆ ಬೇರೆ ಬಿಸುಪಿನ ಏಳು ಬಿಸಿನೀರ ಬಾವಿಗಳಿವೆ. ತಾಯಿ ತೀರಿಕೊಂಡಾಗ ಅಪರಕ್ರಿಯೆಗೆ ನೀರು ಬೇಕಾಗಿ ರಾವಣನು ನೆಲಕ್ಕೆ ಕತ್ತಿಯೂರಿದ್ದರಿಂದ ಅವು ಹುಟ್ಟಿದವೆಂದು ಹೇಳುತ್ತಾರೆ. ನಮ್ಮ ಕಡಲ ತೀರದಲ್ಲಿ ಆರಂಭವಾದ ಕಥೆಯ ಮುಂದಿನ ಭಾಗವನ್ನು ಅಲ್ಲಿ, ಆ ಬಾವಿಗಳ ಕಟ್ಟೆಯ ಬಳಿ ನಿಂತು, ಮೊಮ್ಮಕ್ಕಳಿಗೆ ಹೇಳುವ ಕೆಲಸವನ್ನು ಆಯಿಗೇ ಬಿಡಿ. ಟ್ರಿಂಕೋಮಲಿಯಲ್ಲಿ ಎರಡು ರಾತ್ರಿ ಇರಿ. ಆ ತಿಂಗಳಲ್ಲಿ ಅಲ್ಲಿನ ಕಡಲು ಶಾಂತವಾಗಿದ್ದು ಮಕ್ಕಳಿಗೂ ನೀರಾಟಕ್ಕೆ ಅನುಕೂಲ.

ಕೊನೆಯ ಎರಡು ರಾತ್ರಿ ಕ್ಯಾಂಡಿಯಲ್ಲಿ. ಬುದ್ಧನ ದಂತಧಾತುವನ್ನಿಟ್ಟಿರುವ ದಳದಾ ಮಾಳಿಗಾವದ ಸಂಜೆಯ ಪೂಜೆ, ಪೆರಾದೇನಿಯದ ಸಸ್ಯೋದ್ಯಾನ, ಇಷ್ಟು ಸಾಕು. ದಕ್ಷಿಣದ ಕೋಟೆಯೂರು ಗಾಲೆ, ಯಾಲಾದ ಅಭಯಾರಣ್ಯ, ‘ಎಲ್ಲಾ’ ಎಂಬ ಹೆಸರಿನ ಗುಡ್ಡದೂರು, ಇವು ಈ ಬಾರಿ ಬೇಡ. ನುವರ ಎಲಿಯದ ಸೀತಾ ಅಮ್ಮನ ಗುಡಿಗೆ ಹೋಗುವಾಸೆ ಹಿರಿಯರಿಗೆ ಇರಬಹುದು, ಆದರೆ ಕ್ಯಾಂಡಿಯಿಂದ ಅಲ್ಲಿಗೆ ದೇವಿಮನೆ ಘಟ್ಟದಂಥ ತಿರುವುಗಳ ದಾರಿ, ಅದೂ ಏಪ್ರಿಲಿನಲ್ಲಿ ಆ ಊರು ಜನರಿಂದ ಕಿಕ್ಕಿರಿದಿರುತ್ತದೆ. ಗುಡ್ಡಗಾಡಿನ ರೈಲನ್ನು ನೆಚ್ಚಿ ಯೋಜನೆ ಹಾಕುವವರು 2025ರ ನವೆಂಬರಿನ ದಿತ್ವಾ ಚಂಡಮಾರುತದಲ್ಲಿ ಆ ಮಾರ್ಗಕ್ಕೆ ದೊಡ್ಡ ಹಾನಿಯಾದದ್ದನ್ನು ನೆನಪಿಟ್ಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಕಾಗದಪತ್ರಗಳ ವಿಷಯ ಸಂಕ್ಷೇಪವಾಗಿ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಬೇಕು. ದೊಡ್ಡವರದು 10 ವರ್ಷ ನಡೆಯುತ್ತದೆ, ಮಕ್ಕಳದು ಸಾಮಾನ್ಯವಾಗಿ 5 ವರ್ಷಕ್ಕೇ ಮುಗಿಯುತ್ತದೆ. ಅನೇಕ ಕುಟುಂಬಗಳು ಎಡವುವುದು ಇಲ್ಲಿಯೇ. ಶ್ರೀಲಂಕಾದ ಪ್ರವೇಶಾನುಮತಿಯನ್ನು ಅಂತರ್ಜಾಲದಲ್ಲಿ ಮೊದಲೇ ಪಡೆದುಕೊಳ್ಳಿ. ಅದರ ನಿಯಮ, ಶುಲ್ಕಗಳು ಆಗಾಗ ಬದಲಾಗುವುದರಿಂದ ಆ ಸರ್ಕಾರದ ಅಧಿಕೃತ ತಾಣವನ್ನೇ ನೋಡಿ, ಮಧ್ಯವರ್ತಿಗಳ ತಾಣಗಳಲ್ಲಿ ಹಣ ಕಟ್ಟಬೇಡಿ. 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಅಲ್ಲಿ ನಡೆಯುತ್ತಿದೆ, ಆದರೂ ಸಣ್ಣ ಅಂಗಡಿಗಳಿಗೆ ನಗದು ಬೇಕು. ಶಿರಸಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಟು ಅದೇ ಬೆಳಿಗ್ಗೆ ವಿಮಾನ ಹಿಡಿಯುವ ಸಾಹಸ ಮಾಡದೆ, ಬೆಂಗಳೂರಿನಲ್ಲಿ ಒಂದು ದಿನ ಉಳಿದುಕೊಳ್ಳಿ.

ಪೆಟ್ಟಿಗೆಗೆ ಅವಲಕ್ಕಿ, ಚಟ್ನಿಪುಡಿ, ನಿತ್ಯದ ಮಾತ್ರೆಗಳ ಚೀಟಿ ಇರಲಿ. ಮಾತ್ರೆಗಳು ಮಾತ್ರ ಕೈಚೀಲದಲ್ಲಿಯೇ ಇರಬೇಕು. ಉಪ್ಪಿನಕಾಯಿಯನ್ನು ಕೈಚೀಲದಲ್ಲಿಡಬೇಡಿ. ನಮ್ಮ ಮನೆಯವರು ಅಪ್ಪೆಮಿಡಿಯ ಒಂದು ಬಾಟಲಿಯನ್ನು ಭದ್ರತಾ ತಪಾಸಣೆಯಲ್ಲಿ ಬಿಟ್ಟುಬರಬೇಕಾಯಿತು, ಅತ್ತೆಯವರು ಆ ದಿನವಿಡೀ ಮಾತನಾಡಲಿಲ್ಲ. ಒಣಕೊಬ್ಬರಿಯನ್ನೂ ವಿಮಾನದಲ್ಲಿ ಬಿಡುವುದಿಲ್ಲ, ಎಣ್ಣೆಯಂಶದಿಂದ ಹೊತ್ತಿಕೊಳ್ಳುವ ವಸ್ತುವೆಂದು ಅದನ್ನು ಪರಿಗಣಿಸುತ್ತಾರೆ. ಅಪ್ಪ ಕವಳ ಹಾಕುವವರಾದರೆ ಹಸಿ ಎಲೆ, ಹಸಿ ಅಡಿಕೆಯನ್ನು ಸಂಚಿಯಲ್ಲಿ ತುಂಬಿಕೊಳ್ಳದಿರಲಿ. ಸಸ್ಯಮೂಲದ ಹಸಿ ವಸ್ತುಗಳಿಗೆ ನಿಲ್ದಾಣದಲ್ಲಿ ತಡೆಯಿದೆ. ವೀಳ್ಯದೆಲೆಗೆ ಅಲ್ಲಿ ಬುಲತ್ ಎನ್ನುತ್ತಾರೆ, ಅಡಿಕೆಗೆ ಪುವಕ್. ಎರಡೂ ಪೇಟೆಯಲ್ಲಿ ಸಿಗುತ್ತವೆ, ಹೊಸ ವರ್ಷದಂದು ಕಿರಿಯರು ಹಿರಿಯರಿಗೆ ವೀಳ್ಯದೆಲೆ ಕೊಟ್ಟು ಕಾಲಿಗೆ ಬೀಳುವ ಪದ್ಧತಿಯೂ ಅಲ್ಲಿದೆ. ಪುವಕ್ ಹೋಳು ನಮ್ಮ ಅಡಿಕೆಯ ಮುಂದೆ ಹೇಗೆಂಬುದನ್ನು ಅಪ್ಪನೇ ನೋಡಿ ಹೇಳಲಿ.