ಎಕ್ಸ್‌ರೇ ಸರಿಯಿದೆ, ಮಗು ಮಾತ್ರ ಕುಂಟುತ್ತಿದೆ

"ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ" ಎಂದು ಯಾರಾದರೂ ನಿರಾಳವಾದರೆ ನನಗೆ ಕಾಫಿ ಗಿಡದ ಬೋರರ್ ನೆನಪಾಗುತ್ತದೆ. ಅರೇಬಿಕಾ ಕಾಂಡದೊಳಗೆ ಹುಳು ಸುರಂಗ ಕೊರೆಯುತ್ತಿದ್ದರೂ ಎಲೆ ಹಸಿರಾಗಿಯೇ ಇರುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ಕಾಂಡ ಟೊಳ್ಳು. ಮಕ್ಕಳ ಮೂಳೆಯ ಸೋಂಕೂ ಹೀಗೆಯೇ, ಎಕ್ಸ್‌ರೇ ನೋಡುವುದು ಎಲೆಯನ್ನು.

ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿದ ಮಗು ಎರಡು ದಿನ ಬಿಟ್ಟು ಜ್ವರ ಬಂದು ಕಾಲೂರಲು ಒಲ್ಲೆನ್ನುತ್ತದೆ. ಉಳುಕು ಎಂದು ಎಣ್ಣೆ ತಿಕ್ಕಿಸುತ್ತೇವೆ, ದೃಷ್ಟಿಯನ್ನೂ ತೆಗೆಯುತ್ತೇವೆ. ಉಳುಕಿಗೆ ಜ್ವರ ಬರುವುದಿಲ್ಲ, ಸ್ವಾಮಿ!

ರೋಗಾಣು ಸಾಮಾನ್ಯವಾಗಿ ಬರುವುದು ರಕ್ತದ ದಾರಿಯಲ್ಲಿ. ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಆರಿಯಸ್, ಎಷ್ಟೋ ಜನರ ಮೂಗಿನಲ್ಲಿ ತೆಪ್ಪಗಿರುವ ಜೀವಿ. ಕೂರುವ ಜಾಗ ಉದ್ದ ಮೂಳೆಯ ತುದಿ, ಮೂಳೆ ಬೆಳೆಯುವ ಪದರದ ಪಕ್ಕ. ಅಲ್ಲಿ ಸಣ್ಣ ರಕ್ತನಾಳಗಳು ಸಂಪಾಜೆ ಘಾಟಿಯ ತಿರುವಿನಂತೆ ಹಿಂದಕ್ಕೆ ಹೊರಳಿ, ಹೊರಳಿದ ಮೇಲೆ ಅಗಲವಾಗುತ್ತವೆ. ತಿರುವಿನಲ್ಲಿ ಬಸ್ಸು ನಿಧಾನ, ಇಲ್ಲಿ ರಕ್ತ ನಿಧಾನ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಹಾರಂಗಿ ಹಿನ್ನೀರು: ಹೊಳೆಯ ಓಟ ತಗ್ಗಿದಲ್ಲಿ ಹೂಳು ಕೂರುತ್ತದೆ. ಕೂತ ರೋಗಾಣು ಕೀವು ಕಟ್ಟುತ್ತದೆ. ಮೂಳೆ ಹಿಗ್ಗುವ ವಸ್ತುವಲ್ಲ, ಹಾಗಾಗಿ ಒತ್ತಡ ಏರಿ ರಕ್ತನಾಳಗಳನ್ನೇ ಹಿಸುಕುತ್ತದೆ.

1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ರಂಟ್ಜನ್ ತನ್ನ ಹೆಂಡತಿಯ ಕೈಯ ಮೂಳೆಗಳನ್ನು ಉಂಗುರದ ಸಮೇತ ತೋರಿಸಿದ. ಅಂದಿನಿಂದ ಮೂಳೆಯ ಮಾತಿಗೆಲ್ಲ ಎಕ್ಸ್‌ರೇಯೇ ಸಾಕ್ಷಿ ಎಂದು ನಂಬಿದ್ದೇವೆ. ಅದು ಕಾಣುವುದು ಮುಖ್ಯವಾಗಿ ಕ್ಯಾಲ್ಸಿಯಂ ಅನ್ನು. ಆ ಜಾಗದ ಖನಿಜ ಶೇಕಡ 30ರಿಂದ 50ರಷ್ಟು ಕರಗುವವರೆಗೆ ಚಿತ್ರ ಬದಲಾಗದು, ಅದಕ್ಕೆ 10ರಿಂದ 14 ದಿನ ಬೇಕು. ಮುರಿತ ಇಲ್ಲವೆಂದು ತಿಳಿಯಲು ಎಕ್ಸ್‌ರೇ ತೆಗೆಸಲೇಬೇಕು, ಆ ಮಾತು ಬೇರೆ.

ಎಂಆರ್‌ಐ ಹುಡುಕುವುದು ನೀರನ್ನು, ಅಂದರೆ ನೀರಿನ ಹೈಡ್ರೋಜನ್ನನ್ನು. ಆಷಾಢದ ಮಳೆಗೆ ನೆನೆದ ಗೋಡೆ ನೋಡಿ: ಎಕ್ಸ್‌ರೇ ಇಟ್ಟಿಗೆ ಎಣಿಸುತ್ತದೆ, ಎಂಆರ್‌ಐ ತೇವ ತೋರಿಸುತ್ತದೆ. ಮೂಳೆಯೊಳಗಿನ ಮಜ್ಜೆಯ ಕೊಬ್ಬಿನಲ್ಲೂ ಹೈಡ್ರೋಜನ್ ಇದೆ. ಕೊಬ್ಬಿನ ಸಂಕೇತವನ್ನು ಅಡಗಿಸಿ ತೆಗೆದ ಚಿತ್ರದಲ್ಲಿ ಸೋಂಕಿಗೆ ನೀರು ತುಂಬಿ ಊದಿದ ಮಜ್ಜೆ ಬೆಳ್ಳಗೆ ಹೊಳೆಯುತ್ತದೆ, ಅದೂ ಮೊದಲ ಕೆಲವೇ ದಿನಗಳಲ್ಲಿ. ವಿಕಿರಣದ ಭಯವಿಲ್ಲ. ಆದರೆ ಅಲುಗಾಡದೆ ಮಲಗಬೇಕು, ಚಿಕ್ಕ ಮಕ್ಕಳಿಗೆ ಮಂಪರು ಕೊಡಬೇಕಾಗುತ್ತದೆ. ಮಗು ತೀರಾ ಸುಸ್ತಾಗಿದ್ದರೆ ರಕ್ತವನ್ನು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕೊಟ್ಟು ಆಂಟಿಬಯೋಟಿಕ್ ಶುರು ಮಾಡುತ್ತಾರೆ, ಮೈಸೂರಿನ ಸ್ಕ್ಯಾನಿಂಗ್ ಸರದಿಗೆ ಕಾಯುತ್ತಾ ಕೂರುವುದಿಲ್ಲ.

ಹಾಲುಗೂಸುಗಳ ಕತೆ ಇನ್ನೊಂದು. ಅವರಲ್ಲಿ ರಕ್ತನಾಳಗಳು ಬೆಳೆಯುವ ಪದರವನ್ನೂ ದಾಟುವುದರಿಂದ ಸೋಂಕು ಸೊಂಟದ ಕೀಲಿಗೇ ಇಳಿಯಬಹುದು. ಅಲ್ಲಿ ದ್ರವ ನಿಂತಿದೆಯೇ ಎಂದು ಅಲ್ಟ್ರಾಸೌಂಡ್ ಕೆಲವೇ ನಿಮಿಷದಲ್ಲಿ ತೋರಿಸುತ್ತದೆ. ಮಂಪರೂ ಬೇಡ, ಅವ್ವನ ಮಡಿಲೇ ಸಾಕು.