ಗವಸು ಹರಿಹರದಲ್ಲಿ, ಯಂತ್ರ ಬೆಂಗಳೂರಿನಲ್ಲಿ

ಹರಿಹರದ ಹಿರಿಯರೊಬ್ಬರು ದಾವಣಗೆರೆಯ ನನ್ನ ಕಚೇರಿಗೆ ಬಂದಾಗ ಕಂಕುಳಲ್ಲಿ ಒಂದು ಗವಸು ಇತ್ತು. ಹಳೆಯ ಇಳಕಲ್ ಸೀರೆಯಲ್ಲಿ ಅವರ ಹೆಂಡತಿ ಹೊಲಿದದ್ದು. ವೈರು ಹೊರಬರಲು ಹಿಂದೆ ಒಂದು ಕಿಂಡಿ, ಅದರ ಸುತ್ತ ಕಾಜಾ ಹೊಲಿಗೆ. ಒಳಗೆ ಇರಬೇಕಾದ ಯಂತ್ರ ಮಾತ್ರ ಇರಲಿಲ್ಲ. ವಾದ್ಯಗೋಷ್ಠಿಗಳಲ್ಲಿ ಕೀಬೋರ್ಡ್ ನುಡಿಸಿ ಕೂದಲು ಹಣ್ಣಾದ ಮನುಷ್ಯ. ಯಂತ್ರ ರೋಲ್ಯಾಂಡ್ ಆರ್‌ಇ-201, ಜಪಾನಿನ ಕಂಪನಿ 1974ರಲ್ಲಿ ಹೊರತಂದ ಟೇಪ್ ಎಕೋ. ಒಳಗೆ ಟೇಪಿನ ಸುತ್ತೊಂದು ದನಿಯನ್ನು ಮರಳಿ ನುಡಿಸುವ ಮೂರು ಹೆಡ್‌ಗಳ ಮುಂದೆ ಓಡುತ್ತದೆ, ಹಾಡುವವರ ದನಿ ಮರುಕಳಿಸಿ ಬರುತ್ತದೆ. ಇವತ್ತು ಮೊಬೈಲ್ ಕೂಡ ಅದನ್ನು ಅನುಕರಿಸುತ್ತದೆ. ಆದರೂ ಅಸಲಿ ಯಂತ್ರಕ್ಕೆ ಸ್ಟುಡಿಯೋದವರು ಲಕ್ಷದ ಮಾತಾಡುತ್ತಾರೆ.

ಹಳೆಯ ವಾದ್ಯಗಳ ದಲಾಲಿಯನ್ನೇ ಕಸುಬು ಮಾಡಿಕೊಂಡವನೊಬ್ಬನಿಗೆ ಇವರು ಅದನ್ನು ಕೊಟ್ಟಿದ್ದರು. 1.20 ಲಕ್ಷಕ್ಕೆ ಕಡಿಮೆ ಬೇಡ ಎಂದು ಬಾಯಲ್ಲಿ ಹೇಳಿದ್ದರು. ಅವನು 95 ಸಾವಿರಕ್ಕೆ ಬೆಂಗಳೂರಿನವರಿಗೆ ಮಾರಿ, ಇವರ ಕೈಗೆ 10 ಸಾವಿರವಿಟ್ಟು, ಫೋನ್ ಎತ್ತುವುದನ್ನು ಬಿಟ್ಟ.

“ವಕೀಲರೇ, ವಸ್ತು ನನ್ನದು, ಹಣ ಬಂದಿಲ್ಲ. ಅಂದ ಮೇಲೆ ವಸ್ತು ವಾಪಸ್ ಬರಬೇಕಲ್ಲವೇ?”

ಬರಬೇಕಾಗಿಲ್ಲ. ಈ ಮಾತನ್ನು ಎಷ್ಟು ಜನರಿಗೆ, ಎಷ್ಟು ಸಲ ಹೇಳಿದ್ದೇನೋ! ತನ್ನದಲ್ಲದ್ದನ್ನು ಯಾರೂ ಮಾರುವಂತಿಲ್ಲ ಎಂಬ ನಿಯಮ ಎಲ್ಲರಿಗೂ ಗೊತ್ತು. 1930ರ ಸರಕು ಮಾರಾಟ ಕಾಯ್ದೆಯ ಕಲಂ 27 ಅದನ್ನೇ ಹೇಳುತ್ತದೆ. ಆದರೆ ಅದೇ ಕಲಮಿನ ಬಾಲದಲ್ಲಿ ಒಂದು ವಿನಾಯಿತಿ ಇದೆ. ವ್ಯಾಪಾರಿ ದಲಾಲಿಯ, ಅಂದರೆ ಬೇರೆಯವರ ಸರಕು ಮಾರಿಕೊಡುವುದನ್ನೇ ಕಸುಬು ಮಾಡಿಕೊಂಡವನ, ವಶಕ್ಕೆ ಮಾಲೀಕನೇ ಒಪ್ಪಿ ವಸ್ತುವನ್ನು ಬಿಟ್ಟಿದ್ದರೆ, ಅವನು ತನ್ನ ಎಂದಿನ ವ್ಯವಹಾರದ ರೀತಿಯಲ್ಲೇ ಮಾರಿದ್ದರೆ, ಕೊಂಡವರು ಪ್ರಾಮಾಣಿಕವಾಗಿ, ಅವನಿಗೆ ಮಾರುವ ಅಧಿಕಾರವಿಲ್ಲ ಎಂಬುದು ತಿಳಿಯದೆ ಕೊಂಡಿದ್ದರೆ, ಆ ಮಾರಾಟ ನೀವೇ ಅಧಿಕಾರ ಕೊಟ್ಟು ಮಾಡಿಸಿದಷ್ಟೇ ಗಟ್ಟಿ. ನೀವು ದಲಾಲಿಯ ಕಿವಿಯಲ್ಲಿ ಹೇಳಿದ ಬೆಲೆ ಬೆಂಗಳೂರಿನವರಿಗೆ ಕೇಳಿಸಿರುವುದಿಲ್ಲ. ಅವರ ಬಳಿ ಬಿಲ್ಲು, ಬ್ಯಾಂಕಿನಲ್ಲಿ ಹಣ ಕಟ್ಟಿದ ದಾಖಲೆ ಎರಡೂ ಇದ್ದವು. ಇನ್ನೊಮ್ಮೆ ಹೇಳುತ್ತೇನೆ: ನಿಮ್ಮ ಹಕ್ಕು ಸತ್ತಿಲ್ಲ, ಯಂತ್ರವನ್ನು ಬಿಟ್ಟು ಹಣದ ಮೇಲೆ ಹೋಗಿ ಕುಳಿತಿದೆ. ಕೇಳಬೇಕಾದದ್ದು ದಲಾಲಿಯನ್ನು. ಬಂದ ಹಣವನ್ನು ಮಾಲೀಕನಿಗೆ ಒಪ್ಪಿಸಬೇಕು, ಲೆಕ್ಕ ಕೊಡಬೇಕು, ಹೇಳಿದಂತೆ ನಡೆಯದೆ ನಷ್ಟವಾದರೆ ತುಂಬಿಕೊಡಬೇಕು ಎಂದು 1872ರ ಕರಾರು ಕಾಯ್ದೆ ಅವನನ್ನು ಕಟ್ಟಿಹಾಕಿದೆ. ಇದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ; ಎಂದಿನಿಂದ ಎಣಿಸಬೇಕು ಎಂಬುದನ್ನು ನಿಮ್ಮ ಕಾಗದ ನೋಡದೆ ಹೇಳಲಾರೆ.

ಎಲ್ಲ ಪ್ರಕರಣವೂ ಹೀಗೆಯೇ ಎಂದೂ ತಿಳಿಯಬೇಡಿ. ನಾಟಕ ಕಂಪನಿಗಳಲ್ಲಿ ನುಡಿಸುತ್ತಿದ್ದ ಪೇಟಿ ಮಾಸ್ತರರೊಬ್ಬರ ಮನೆಯ ಕಾಲುಪೇಟಿ, ಅಂದರೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ನನಗೆ ನೆನಪಿದೆ. ಪ್ಯಾರಿಸ್ ರೀಡಿನದು, ತಿದಿ ಹರಿದಿದ್ದರೂ ಷಡ್ಜ ಒತ್ತಿದರೆ ಕೋಣೆಯೆಲ್ಲ ತುಂಬುತ್ತಿತ್ತು. ಮಗ ಅದನ್ನು ತಿದಿ ಹಾಕಿಸಿ ಶ್ರುತಿ ಮಾಡಿಸಲು ಕೊಟ್ಟಿದ್ದ, ರಿಪೇರಿಯವನು ಅದನ್ನೇ ಮಾರಿಬಿಟ್ಟ. ಅಲ್ಲಿ ಕೊಟ್ಟದ್ದು ರಿಪೇರಿಗೆ, ಮಾರಾಟಕ್ಕಲ್ಲ. ಅಂಗಡಿಯ ಕಾರ್ಡಿನ ಹಿಂದೆ ರಿಪೇರಿಯವನೇ ಪೆನ್ಸಿಲಿನಲ್ಲಿ ‘ತಿದಿ, ಶ್ರುತಿ’ ಎಂದು ಗೀಚಿದ್ದ. ಆ ಎರಡು ಪದಗಳಿಂದ ಪೇಟಿ ಮನೆಗೆ ಬಂತು. ಕೊಂಡವರು ಮಾತ್ರ ಸ್ವಲ್ಪ ದಿನ ನನ್ನನ್ನು ಬೈದುಕೊಂಡು ಓಡಾಡಿದರು. ಅವರದೂ ತಪ್ಪಿರಲಿಲ್ಲ, ಪಾಪ.

ನನಗೆ ಸಿಟ್ಟು ಬರುವುದು ಇದಕ್ಕೆ. ನಮ್ಮ ದಾವಣಗೆರೆ ದಲಾಲಿ ಅಂಗಡಿಗಳನ್ನು ನೋಡಿಕೊಂಡೇ ಬೆಳೆದ ಊರು. ಎಪಿಎಂಸಿಗೆ ಹತ್ತು ಚೀಲ ಮೆಕ್ಕೆಜೋಳ ತಂದ ರೈತ ತೂಕದ ಚೀಟಿ ಇಲ್ಲದೆ ಕದಲುವುದಿಲ್ಲ. ಅದೇ ಮನೆಯವರು ಲಕ್ಷದ ವಾದ್ಯವನ್ನು “ಹುಡುಗ ನಮ್ಮವನೇ” ಎಂದು ಆಟೋದಲ್ಲಿ ಹಾಕಿ ಕಳಿಸುತ್ತಾರೆ. ಆಮೇಲೆ ಠಾಣೆಗೆ ಓಡುತ್ತಾರೆ. ನಂಬಿಕೆ ದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 316 ಇದೆ, ನಿಜ. ಆದರೆ ಬಾಯಿಮಾತಿನ ವ್ಯವಹಾರಕ್ಕೆ “ಇದು ಸಿವಿಲ್ ವಿಷಯ” ಎಂಬ ಉತ್ತರವೇ ಹೆಚ್ಚಾಗಿ ಸಿಗುವುದು.

ಹರಿಹರದವರ ಹಣದ ದಾವೆ ನಡೆಯುತ್ತಿದೆ. ನಡುವೆ ತಮ್ಮ ಯಮಹಾ ಡಿಎಕ್ಸ್7 ಕೀಬೋರ್ಡ್ ಮಾರಬೇಕೆಂದು ಮತ್ತೆ ಬಂದರು. ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಸೀರಿಯಲ್ ಸಂಖ್ಯೆ ಇಂಥದ್ದು, ಗಿರಾಕಿಗೆ ತೋರಿಸಲು ಮಾತ್ರ ಕೊಟ್ಟಿದೆ, ಮಾರುವ ಅಧಿಕಾರ ಕೊಟ್ಟಿಲ್ಲ, ಹಣ ನೇರ ಮಾಲೀಕರ ಖಾತೆಗೆ. ದಲಾಲಿಯಿಂದ ಸಹಿ ಮಾಡಿಸಿ, ಒಂದು ಪ್ರತಿಯನ್ನು ಗಿರಾಕಿಯ ಕಣ್ಣಿಗೆ ಬೀಳುವಂತೆ ಕೀಬೋರ್ಡಿನ ಮೇಲೆಯೇ ಅಂಟಿಸಿ, ಆಗ ‘ನನಗೆ ಗೊತ್ತಿರಲಿಲ್ಲ’ ಎನ್ನುವುದು ಕಷ್ಟವಾಗುತ್ತದೆ ಎಂದೆ. ಅಂಟಿಸಿದ್ದಾರೆ. ಅದನ್ನು ನೋಡಿದ ಹೊಸ ದಲಾಲಿ ಮುನಿಸಿಕೊಂಡು ಮನೆಯ ಕಡೆ ಬರುವುದನ್ನೇ ಬಿಟ್ಟಿದ್ದಾನಂತೆ. ಒಳ್ಳೆಯ ಹುಡುಗನನ್ನು ಓಡಿಸಿಬಿಟ್ಟಿರಿ ಎಂದು ಈಗ ದೂರು ನನ್ನ ಮೇಲೆ.