ಇಪ್ಪತ್ತೊಂದನೇ ದಿನದ ತಪ್ಪು ಲೆಕ್ಕ

ಮದುವೆಯಾಗಿ ವರ್ಷವಾದರೂ ಗರ್ಭ ನಿಲ್ಲಲಿಲ್ಲ ಎಂದು ಬೆಂಗಳೂರಿನ ಹೆಣ್ಣುಮಗಳೊಬ್ಬಳು ಡಾಕ್ಟರ ಬಳಿ ಹೋದರೆ ಕೈಗೆ ಬರುವ ಚೀಟಿಗಳಲ್ಲಿ ಒಂದು 'ಡೇ 21 ಪ್ರೊಜೆಸ್ಟೆರಾನ್'. ಪ್ರೊಜೆಸ್ಟೆರಾನ್ ಎಂದರೆ ಅಂಡ ಹೊರಬಿದ್ದ ಮೇಲೆ ಏರುವ ಹಾರ್ಮೋನ್. ಮುಟ್ಟು ಶುರುವಾದ ದಿನದಿಂದ ಎಣಿಸಿ ಇಪ್ಪತ್ತೊಂದನೇ ದಿನ ರಕ್ತ ಕೊಡಬೇಕು. ಸಂಜೆ ವಾಟ್ಸಾಪ್‌ಗೆ ರಿಪೋರ್ಟ್ ಬರುತ್ತದೆ. ಅಂಕಿ ಮಿಲಿಲೀಟರಿಗೆ 3 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ 'ಅಂಡ ಬಿಡುಗಡೆ ಆಗುತ್ತಿಲ್ಲ' ಎಂಬ ತೀರ್ಮಾನ, ಅದರ ಹಿಂದೆಯೇ ಅಂಡ ಬೆಳೆಸುವ ಮಾತ್ರೆ, ಮನೆಯಲ್ಲಿ ಅತ್ತೆಯ ಒಂದು ಮಾತು. ರಕ್ತ ತೆಗೆದದ್ದೂ ಸರಿ, ಯಂತ್ರವೂ ಸರಿ. ಎಷ್ಟೋ ಸಲ ತಪ್ಪಿರುವುದು ದಿನ.

ಋತುಚಕ್ರಕ್ಕೆ ಎರಡು ಭಾಗ. ಮುಟ್ಟಿನ ಮೊದಲ ದಿನದಿಂದ ಅಂಡ ಹೊರಬೀಳುವವರೆಗೆ ಒಂದು, ಅಲ್ಲಿಂದ ಮುಂದಿನ ಮುಟ್ಟಿನವರೆಗೆ ಇನ್ನೊಂದು. ಮೊದಲ ಭಾಗ ಹೇಳಿದ ಮಾತು ಕೇಳುವುದಿಲ್ಲ. ಒಬ್ಬರಿಗೆ 11 ದಿನ, ಇನ್ನೊಬ್ಬರಿಗೆ 22 ದಿನ. ಜ್ವರ ಬಂದರೂ ಆ ತಿಂಗಳು ಮುಂದೆ ಹೋಗಬಹುದು. ಎರಡನೆಯದು ಹಾಗಲ್ಲ, ಹೆಚ್ಚುಕಡಿಮೆ 14 ದಿನ. ಅಂಡ ಹೊರಬಿದ್ದ ಮೇಲೆ ಅದು ಬೆಳೆದಿದ್ದ ಕೋಶವೇ ಮಾರ್ಪಟ್ಟು ಕಾರ್ಪಸ್ ಲ್ಯೂಟಿಯಮ್ ಎಂಬ ಪುಟ್ಟ ಹಳದಿ ಗ್ರಂಥಿಯಾಗುತ್ತದೆ. ಪ್ರೊಜೆಸ್ಟೆರಾನ್ ಬರುವುದು ಮುಖ್ಯವಾಗಿ ಇಲ್ಲಿಂದ. ಭ್ರೂಣ ಅಂಟಿಕೊಂಡು ಎಚ್‌ಸಿಜಿ ಎಂಬ ಸಂದೇಶ ಕಳಿಸದಿದ್ದರೆ ಗ್ರಂಥಿ ಎರಡು ವಾರಕ್ಕೆ ಬಾಡುತ್ತದೆ, ಪ್ರೊಜೆಸ್ಟೆರಾನ್ ಇಳಿಯುತ್ತದೆ, ಗರ್ಭಕೋಶದ ಒಳಪದರ ಕಳಚಿಕೊಳ್ಳುತ್ತದೆ. ಅದೇ ಮುಟ್ಟು.

ಮನೆಯಿಂದ ಮೆಟ್ರೊ ನಿಲ್ದಾಣಕ್ಕೆ ಆಟೊದಲ್ಲಿ ಹೋಗುವುದನ್ನು ನೆನೆಸಿಕೊಳ್ಳಿ. ಟ್ರಾಫಿಕ್ ಇದ್ದಂತೆ ಹತ್ತು ನಿಮಿಷವೂ ಆಗಬಹುದು, ನಲವತ್ತೂ ಆಗಬಹುದು. ರೈಲು ಹತ್ತಿದ ಮೇಲೆ ಮೆಜೆಸ್ಟಿಕ್‌ಗೆ ಇಷ್ಟೇ ನಿಮಿಷ ಎಂದು ಹೇಳಿಬಿಡಬಹುದು. ಇನ್ನೂ ಹತ್ತಿರದ ಹೋಲಿಕೆ ಇಡ್ಲಿಯದು. ಡಿಸೆಂಬರ್ ಚಳಿಯಲ್ಲಿ ಹಿಟ್ಟು ಉಬ್ಬಲು ಇಡೀ ರಾತ್ರಿ ಸಾಲದು, ಏಪ್ರಿಲ್‌ನಲ್ಲಿ ಏಳೆಂಟು ಗಂಟೆಗೇ ಪಾತ್ರೆ ತುಂಬಿ ಉಕ್ಕುತ್ತದೆ. ಹಬೆಯಲ್ಲಿ ಬೇಯುವುದಕ್ಕೆ ಮಾತ್ರ ಎರಡೂ ಕಾಲದಲ್ಲಿ ಹತ್ತು-ಹನ್ನೆರಡು ನಿಮಿಷ. ತಟ್ಟೆ ಒಲೆ ಮೇಲೆ ಇಟ್ಟದ್ದು ಯಾವಾಗ ಎಂದು ತಿಳಿಯಲು ಅಕ್ಕಿ ನೆನೆಹಾಕಿದ ಹೊತ್ತಿನಿಂದ ಎಣಿಸಿದರೆ ಲೆಕ್ಕ ಸಿಗುವುದಿಲ್ಲ. ಇಡ್ಲಿ ಇಳಿಸಿದ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು.

ಈ ಹಿಂದೆಣಿಕೆಗೆ ನೂರು ವರ್ಷವಾಯಿತು. ಹತ್ತೊಂಬತ್ತನೇ ಶತಮಾನದ ಯುರೋಪಿನ ಎಷ್ಟೋ ವೈದ್ಯರು ಬೆದೆಗೆ ಬಂದ ಹೆಣ್ಣುನಾಯಿಯ ಸ್ರಾವ ನೋಡಿ, ಹೆಂಗಸರಿಗೂ ಮುಟ್ಟಿನ ಆಸುಪಾಸಿನಲ್ಲೇ ಗರ್ಭ ನಿಲ್ಲುತ್ತದೆ ಎಂದು ನಂಬಿದ್ದರು. ಮಕ್ಕಳು ಬೇಡವೆಂದವರಿಗೆ ನಡುತಿಂಗಳು ಸುರಕ್ಷಿತ ಎಂದು ಸಲಹೆ ಕೊಟ್ಟದ್ದೂ ಉಂಟು! ಜಪಾನಿನ ನೀಗಾಟ ಊರಿನ ವೈದ್ಯ ಕ್ಯೂಸಾಕು ಒಗಿನೊ ಬೇರೆ ಕಾರಣಕ್ಕೆ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದವರ ಅಂಡಾಶಯಗಳನ್ನು ಕಣ್ಣಾರೆ ನೋಡಿ, ಅವರ ಮುಟ್ಟಿನ ತಾರೀಖುಗಳ ಜೊತೆ ತಾಳೆ ಹಾಕಿದರು. ಅಂಡ ಹೊರಬರುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಎಂದು 1924ರಲ್ಲಿ ಪ್ರಕಟಿಸಿದರು. ಆಸ್ಟ್ರಿಯಾದ ಹರ್ಮನ್ ಕ್ನೌಸ್ ಕೆಲವೇ ವರ್ಷಗಳಲ್ಲಿ ತಾವೇ ಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದರು. ಗರ್ಭ ನಿಲ್ಲುವ ಕಾಲವೆಂದು ನಮ್ಮ ಧರ್ಮಶಾಸ್ತ್ರ ಹೇಳುವ 'ಋತುಕಾಲ 16 ರಾತ್ರಿ'ಯೂ ಮುಟ್ಟಿನಿಂದ ಮುಂದಕ್ಕೆ ಎಣಿಸುವ ಲೆಕ್ಕವೇ. 28 ದಿನದ ಚಕ್ರದವರಿಗೆ ಅದು ಹೊಂದುತ್ತದೆ, ಉಳಿದವರನ್ನು ಕೈಬಿಡುತ್ತದೆ. ಅಲ್ಲೇ ಹೇಳುವ, ಸಮ ರಾತ್ರಿಗೆ ಗಂಡು, ಬೆಸ ರಾತ್ರಿಗೆ ಹೆಣ್ಣು ಎಂಬುದಕ್ಕೆ ಯಾವ ಆಧಾರವೂ ಇಲ್ಲ, ಅದನ್ನು ತೀರ್ಮಾನಿಸುವುದು ವೀರ್ಯಾಣು ಹೊತ್ತು ತರುವ ಎಕ್ಸ್ ಅಥವಾ ವೈ ವರ್ಣತಂತು.

ಈಗ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ತೆಗೆಯಿರಿ. ಮಾರ್ಚ್ 3ಕ್ಕೆ ಮುಟ್ಟು, ಚಕ್ರ 34 ದಿನ, ಮುಂದಿನದು ಏಪ್ರಿಲ್ 6. ಹಿಂದಕ್ಕೆ 14 ದಿನ ಬಿಟ್ಟರೆ ಅಂಡ ಹೊರಬೀಳುವುದು ಮಾರ್ಚ್ 22ರ ಆಸುಪಾಸು. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಲ್ಲದು, ಅಂಡಕ್ಕೆ ಆಯಸ್ಸು ಒಂದೇ ದಿನ. ಹಾಗಾಗಿ ಗರ್ಭ ನಿಲ್ಲಬಲ್ಲ ದಿನಗಳು ಮಾರ್ಚ್ 17ರಿಂದ 22. ಎಲ್ಲರೂ ಹೇಳುವ 'ಹದಿನಾಲ್ಕನೇ ದಿನ' ಯಾವುದು? ಮಾರ್ಚ್ 16. ಬಾಗಿಲು ತೆರೆಯುವ ಹಿಂದಿನ ದಿನ. ಆ ಒಂದು ದಿನವನ್ನೇ ನಂಬಿ ವರ್ಷಗಟ್ಟಲೆ ಕಾದವರು, ನಮ್ಮಲ್ಲಿ ದೋಷವಿದೆ ಎಂದುಕೊಂಡು ಘಾಟಿ ಸುಬ್ರಹ್ಮಣ್ಯದಲ್ಲಿ ನಾಗಪ್ರತಿಷ್ಠೆ ಮಾಡಿಸಿ ಮತ್ತೆ ಕಾಯುತ್ತಾರೆ. ಹರಕೆ ಅವರವರ ನಂಬಿಕೆ. ಕಾಯುತ್ತಾ ಕಳೆದ ವಯಸ್ಸು ಮಾತ್ರ ಹಿಂದಿರುಗುವುದಿಲ್ಲ. ಇದು ಅಪರೂಪದ ಉದಾಹರಣೆಯೂ ಅಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2000ದಲ್ಲಿ ಬಂದ ಅಧ್ಯಯನವೊಂದರಲ್ಲಿ, ಫಲವತ್ತಾದ ದಿನಗಳು ಪೂರ್ತಿಯಾಗಿ 10ರಿಂದ 17ನೇ ದಿನದೊಳಗೆ ಬಿದ್ದದ್ದು ಶೇಕಡ 30ರಷ್ಟು ಮಹಿಳೆಯರಿಗೆ ಮಾತ್ರ.

ರಕ್ತಪರೀಕ್ಷೆಗೂ ಇದೇ ಲೆಕ್ಕ. ಪ್ರೊಜೆಸ್ಟೆರಾನ್ ಏರಿರುವುದು ಅಂಡ ಬಿದ್ದು ಸುಮಾರು ಏಳು ದಿನಕ್ಕೆ. ಚಕ್ರದ ಉದ್ದದಲ್ಲಿ 7 ಕಳೆಯಿರಿ: 28ಕ್ಕೆ 21, 34ಕ್ಕೆ 27. ಮೇಲಿನ ಕ್ಯಾಲೆಂಡರ್‌ನ ಹೆಣ್ಣುಮಗಳು ರಕ್ತ ಕೊಡಬೇಕಾದದ್ದು ಮಾರ್ಚ್ 29ಕ್ಕೆ. ಇಪ್ಪತ್ತೊಂದನೇ ದಿನ, ಅಂದರೆ 23ಕ್ಕೆ ಕೊಟ್ಟರೆ ಗ್ರಂಥಿ ಆಗಷ್ಟೇ ಕೆಲಸ ಶುರು ಮಾಡಿರುತ್ತದೆ. ಚಕ್ರ ಏರುಪೇರಾಗುವವರು ವಾರಕ್ಕೊಮ್ಮೆಯಂತೆ ಮುಂದಿನ ಮುಟ್ಟಿನವರೆಗೆ ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತದೆ. ಖಾಲಿ ಹೊಟ್ಟೆ ಬೇಕಿಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬ್‌ನವರಿಗೆ ಮೊದಲೇ ಹೇಳಿ, ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ಚೀಟಿಯ ಮೇಲೆ ಮುಟ್ಟಿನ ತಾರೀಖು ಬರೆಸಿ. ಇನ್ನೊಂದು ಮಾತು: ಈ ಹಾರ್ಮೋನ್ ಅಲೆ ಅಲೆಯಾಗಿ ಬರುವುದರಿಂದ ಬೆಳಿಗ್ಗೆ 8 ನ್ಯಾನೊಗ್ರಾಂ ಇದ್ದದ್ದು ಮಧ್ಯಾಹ್ನ 14 ಆಗಬಹುದು. 3 ದಾಟಿದರೆ ಅಂಡ ಬಿದ್ದಿದೆ ಎಂದರ್ಥ. ಅದಕ್ಕಿಂತ ಹೆಚ್ಚಿನ ಅರ್ಥವನ್ನು ಒಂದೇ ಅಂಕಿಯಿಂದ ಹಿಂಡಬೇಡಿ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವವಳಿಗೆ ತಪ್ಪು ದಿನದ ಒಂದು ಪರೀಕ್ಷೆ ಎಂದರೆ ಒಂದು ದಿನದ ಸಂಬಳ, ಲ್ಯಾಬ್ ಖರ್ಚು, ಮತ್ತೊಂದು ತಿಂಗಳು. ಹೆಚ್ಚಿನ ಆರೋಗ್ಯ ವಿಮೆಗಳು ಬಂಜೆತನದ ಚಿಕಿತ್ಸೆಯನ್ನು ಹೊರಗಿಡುತ್ತವೆ, ಆಯುಷ್ಮಾನ್ ಭಾರತವೂ ಕೊಡುವುದಿಲ್ಲ. ಅಂದಮೇಲೆ ಖರ್ಚಿಲ್ಲದ ಹೆಜ್ಜೆಯಾದರೂ ಸರಿಯಾಗಿರಬೇಕು. ಕಳೆದ ಆರು ತಿಂಗಳ ಮುಟ್ಟಿನ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ, ವಾಣಿವಿಲಾಸದಂಥ ಆಸ್ಪತ್ರೆಯ ಉದ್ದನೆಯ ಸಾಲಿನಲ್ಲಿ ಸಿಗುವ ಐದು ನಿಮಿಷ ಸಾರ್ಥಕ. ವಯಸ್ಸು 35 ದಾಟಿದ್ದರೆ ಪ್ರಯತ್ನಿಸಿದ ಆರು ತಿಂಗಳಿಗೇ ಹೋಗಿ. ಚಕ್ರ 21 ದಿನಕ್ಕಿಂತ ಚಿಕ್ಕದು ಅಥವಾ 35ಕ್ಕಿಂತ ಉದ್ದ ಇದ್ದರೆ ಕಾಯುವುದೇ ಬೇಡ.

ಗಂಡನ ವೀರ್ಯ ಪರೀಕ್ಷೆಯನ್ನು ಕೊನೆಗೆ ತಳ್ಳುವುದಂತೂ ಹೆಂಡತಿಗೆ ಮಾಡುವ ಅನ್ಯಾಯ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಸೂಜಿಯಿಲ್ಲ, ನೋವಿಲ್ಲ. ಎರಡರಿಂದ ಏಳು ದಿನ ಸಂಯಮ, ಮಾದರಿ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಅಷ್ಟೆ. ಮೇಲಿನ ಕ್ಯಾಲೆಂಡರ್‌ನಲ್ಲಿ ಫಲವತ್ತಾದ ದಿನಗಳು 22ಕ್ಕೇ ಮುಗಿದಿರುತ್ತವೆ. 26ರಿಂದ ಸಂಯಮದಲ್ಲಿದ್ದು, 29ರ ಬೆಳಿಗ್ಗೆ ಅವಳು ರಕ್ತ ಕೊಡಲು ಹೊರಟಾಗ ಅವನೂ ಜೊತೆಗೆ ಹೋದರೆ ಒಂದೇ ರಜೆಯಲ್ಲಿ ಎರಡೂ ಪರೀಕ್ಷೆ ಮುಗಿಯುತ್ತದೆ.